ದೊಡ್ಡಮ್ಮನ ಪ್ರಬಂಧಗಳಲ್ಲಿ ಕೊನೆಯ ಹೆಸರು

ನಾನು ದೊಡ್ಡಮ್ಮನ ಬಾಯಿ ಮುಚ್ಚಿಸಿದೆ ಎಂದು ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ, ಅದೂ ಹೆಮ್ಮೆಯಿಂದ. ಇದನ್ನು ನಾನು ಒಪ್ಪುವುದಿಲ್ಲ. ದೊಡ್ಡಮ್ಮ ಬಾಯಿ ಮುಚ್ಚಲಿಲ್ಲ, ಉತ್ತರ ಕೊಟ್ಟರು. ಇನ್ನು ಸೋಲಿನ ಮಾತು: ಅವತ್ತು ಸೋತವಳು ಬಾಯಿಯನ್ನೇ ತೆರೆಯದೆ ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಗೆಳತಿ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ಜೀವಕೋಶ ವಿಜ್ಞಾನಿ. ರೋಗಗಳಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳ ಹೊರಪೊರೆಯ ಮೇಲೆ ಬಹಳ ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದಾರೆ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುವ ಹಾಗೆ ಆ ಪೊರೆಯ ಮೇಲೂ ಕೆಲವು ಅಣುಗಳು ಗುಂಪುಗೂಡುತ್ತವಂತೆ. ರೋಗಾಣು ಬಂದದ್ದು ಕಣಕ್ಕೆ ತಿಳಿಯುವುದರಲ್ಲಿ ಆ ಗುಂಪಿನ ಪಾತ್ರ ದೊಡ್ಡದಂತೆ. ಕಾಲೇಜಿನ ಸಭಾಂಗಣದಲ್ಲಿ ಅವರು ಇದನ್ನು ಹೇಳುವಾಗ ಗೆಳತಿಯ ಪಕ್ಕದಲ್ಲಿ ಅವಳ ಅಪ್ಪ ಕೂತಿದ್ದರು. ಗೆಳತಿ ನಾಗಲಮಡಿಕೆ ಕಡೆಯ ಹುಡುಗಿ. ದೊಡ್ಡಮ್ಮನ ಸಂಸ್ಥೆಯ ಪ್ರವೇಶ ಪರೀಕ್ಷೆ ಪಾಸಾಗಿ, ಅವರ ಲ್ಯಾಬಿನಲ್ಲೇ ಓದಬೇಕೆಂದು ಕಾದಿದ್ದಳು. ಅಪ್ಪ ಒಪ್ಪುವುದೊಂದು ಬಾಕಿ. ಮೇಡಂ ಎಂಥವರೆಂದು ನೋಡಿ ತೀರ್ಮಾನಿಸಲು ಅವರು ಬಂದಿದ್ದರು. ಇದು ದೊಡ್ಡಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪ್ರಾಂಶುಪಾಲರು ದೊಡ್ಡಮ್ಮನ ಸಂಶೋಧನಾ ಪ್ರಬಂಧಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಹಿಂದಿನ ದಿನವೇ ಹಂಚಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದವಳು ನಾನು. ಯಾವ ಕಾಗದ ಸಿಕ್ಕರೂ ಮೊದಲು ಹುಡುಕುವುದು ಹೊಲಿಗೆ ಬಿಟ್ಟ ಜಾಗವನ್ನು. ಸಿಕ್ಕಿತು. ಪ್ರತಿ ಪ್ರಬಂಧಕ್ಕೂ ಆರೇಳು ಲೇಖಕರ ಹೆಸರು, ದೊಡ್ಡಮ್ಮನದು ಎಲ್ಲದರಲ್ಲೂ ಕೊನೆಗೆ. ಮಾರನೆಯ ಬೆಳಿಗ್ಗೆ ಅವರು ನಮ್ಮ ಅಡುಗೆಮನೆಯಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಯಾಕೆ ಹೀಗೆ ಎಂದು ಕೇಳಬಹುದಿತ್ತು. ಕೇಳಿದರೆ ಏನಾದರೂ ಕಾರಣ ಹೇಳಿಬಿಡುತ್ತಾರೆ, ವಾದ ಕೈತಪ್ಪುತ್ತದೆ ಎಂದು ಕೇಳಲಿಲ್ಲ.

ಪ್ರಶ್ನೆಗಳ ಹೊತ್ತಿಗೆ ಎದ್ದು ನಿಂತೆ. "ಮೇಡಂ, ನಮ್ಮ ಕಡೆ ಲಗ್ನಪತ್ರಿಕೇಲಿ ಕೊನೇ ಸಾಲಲ್ಲಿ ಹಾಕೋದು, ಬಿಟ್ರೆ ಬೇಜಾರಾಗ್ತಾರೆ ಅನ್ನೋರ ಹೆಸರನ್ನ. ನಿಮ್ಮ ಹೆಸರು ಎಲ್ಲದ್ರಲ್ಲೂ ಅಲ್ಲೇ ಇದೆ. ಹಂಗಾದ್ರೆ ಕೆಲಸ ಮಾಡಿದ್ಯಾರು?"

ಸಭೆ ಗೊಳ್ಳೆಂದಿತು. "ಸಿಕ್ಕಾಕ್ಕೊಂಡ್ರು ಕಣ್ಲಾ ಮೇಡಮ್ಮು!" ಎಂದು ಹಿಂದಿನಿಂದ ಯಾರೋ ಕೂಗಿದರು.

ದೊಡ್ಡಮ್ಮ ನನ್ನನ್ನೇ ಒಂದು ಗಳಿಗೆ ನೋಡಿದರು. "ಪ್ರಯೋಗ ಮಾಡಿದ್ದು ನನ್ನ ವಿದ್ಯಾರ್ಥಿಗಳೇ ಕಣಮ್ಮ, ಅದು ನಿಜ," ಎಂದು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಚಪ್ಪಾಳೆ ನನಗೆ ಬಿತ್ತು.

ಹೊರಗೆ ವರಾಂಡದಲ್ಲಿ ಗೆಳತಿಯ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದರು. "ಆಯಮ್ಮನ ಹೆಸರೇ ಬಾಲದಾಗೈತೆ. ಇನ್ನ ನಿನ್ನ ಏನು ಮುಂದಕ್ಕೆ ತರ್ತಾಳೆ? ವದ್ದು, ಬ್ಯಾಡ, ನಡಿ."

"ಅಂಗಲ್ಲಪ್ಪಾ..." ಎಂದಳು ಗೆಳತಿ. ಅವರು ಆಗಲೇ ಗೇಟಿನ ಹತ್ತಿರ ಇದ್ದರು. ಅವಳು ನನ್ನ ಕಡೆ ತಿರುಗಿದಳು. "ಲ್ಯಾಬ್ ಯಾರ್ದೋ, ಕೆಲಸ ನಡೆಸೋರು ಯಾರೋ ಅವರ ಹೆಸರೇ ಕಣೇ ಕೊನೇಲಿ ಬರೋದು. ಹಿರೀರ ಜಾಗ ಅದು. ಒಂದ್ಮಾತು ಕೇಳ್ಬುಟ್ಟು ಮಾತಾಡಕ್ಕೆ ಏನಾಗಿತ್ತು ನಿಂಗೆ?"

ಗೇಟು ಇಪ್ಪತ್ತು ಹೆಜ್ಜೆಯಷ್ಟೂ ದೂರವಿರಲಿಲ್ಲ. ಓಡಿಹೋಗಿ ಅವಳ ಅಪ್ಪನಿಗೆ "ನಂದೇ ತಪ್ಪು" ಎನ್ನಬಹುದಿತ್ತು. ಸುತ್ತ ಜೂನಿಯರ್‌ಗಳು ನಿಂತು ನನ್ನ ಕೈ ಕುಲುಕುತ್ತಿದ್ದರು. ಕುಲುಕಿಸಿಕೊಂಡು ನಿಂತೆ. ತಪ್ಪು ಪ್ರಶ್ನೆ ಕೇಳಿದ್ದಕ್ಕಿಂತ ಹೀಗೆ ನಿಂತದ್ದೇ ಇವತ್ತಿಗೂ ಹೆಚ್ಚಾಗಿ ನನ್ನ ತಲೆ ತಗ್ಗಿಸುತ್ತದೆ.

ಧೈರ್ಯ ಬರಲು ವಾರ ಹಿಡಿಯಿತು. ಪಾವಗಡದ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅವಳ ಅಪ್ಪ ಮಜ್ಜಿಗೆ ಕೊಡಿಸಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಓ, ಅಂಗಾ? ಆದ್ರೂ ಸೀಟು ಬುಟ್ಟಾಯ್ತಲ್ಲಮ್ಮ," ಎಂದರು. ಸೇರುವ ಕೊನೆಯ ದಿನ ಎರಡು ದಿನದ ಹಿಂದೆಯೇ ಮುಗಿದಿತ್ತು. ಗೆಳತಿ ಒಳಗಿನಿಂದ ಬರಲಿಲ್ಲ.

ಮೊನ್ನೆ ದೊಡ್ಡಮ್ಮ ಮತ್ತೆ ಮನೆಗೆ ಬಂದಿದ್ದರು. ಆ ದಿನದ ಬಗ್ಗೆ ಅವರು ಒಮ್ಮೆಯೂ ಮಾತೆತ್ತಿದವರಲ್ಲ. ನನ್ನ ತಪ್ಪಿಗೆ ಪಾಲುದಾರರನ್ನು ಹುಡುಕುವುದೂ ಚರ್ಚೆಯವರ ಚಾಳಿಯೇ ಇರಬೇಕು. ಆದರೂ ತಡೆಯಲಾಗದೆ ಕೇಳಿದೆ:

"ಕೊನೇ ಹೆಸರು ಅಂದ್ರೇನು ಅಂತ ಒಂದೇ ಮಾತಲ್ಲಿ ಹೇಳಿ ನನ್ನ ಕೂರಿಸ್ಬೋದಿತ್ತಲ್ಲ ದೊಡ್ಡಮ್ಮ. ಅವರಪ್ಪ ಎದುರಿಗೇ ಇದ್ರು. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸೋಕೆ ಹೋಗಿ ಅವಳನ್ನ ಬಿಟ್ಟುಕೊಟ್ರಾ?"