ಆಸನದ ಜೊತೆಗೆ ಫುಗಡಿ: ಹೊಸಪೇಟೆಯ ಮಾಳಿಗೆಯಲ್ಲಿ ಎರಡು ವರ್ಷ

ಹೊಸಪೇಟೆಗೆ ಬಂದ ಮೂರನೆಯ ವಾರ ನಾನು ಸತ್ತೆನೆಂದು ಬೀದಿಯವರೆಲ್ಲ ನಂಬಿಬಿಟ್ಟರು.

ಮಧ್ಯಾಹ್ನ ಒಳಕೋಣೆಯಲ್ಲಿ ಶವಾಸನ ಹಾಕಿ ಮಲಗಿದ್ದೆ. ಇಲ್ಲಿ ನಮ್ಮ ಕಡೆಯಂತೆ ಹೆಂಚಿನ ಮನೆಗಳಿಲ್ಲ. ಮಣ್ಣು ಬಡಿದ ಮಟ್ಟಸ ಮಾಳಿಗೆ, ಅದರಲ್ಲಿ ಬೆಳಕಿಗೊಂದು ಕಿಂಡಿ. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರದಕ್ಕೆ ನಡೆದೇ ಹೋಗಬಹುದು. ಕಿಂಡಿಯಲ್ಲಿ ಒಂದು ಹೆಂಗಸಿನ ಮುಖ ಕಾಣಿಸಿ, "ಅಯ್ಯಯ್ಯೋ, ಬರ್ರೆಪ್ಪೋ! ಮೈಸೂರವ್ವಾರು ಹೋಗೇಬಿಟ್ರು!" ಎಂದು ಕೂಗಿತು. ನಾನು ಗಾಬರಿಯಿಂದ ಎದ್ದು ಕುಳಿತೆ. ಆಕೆ ಇನ್ನೂ ಜೋರಾಗಿ ಚೀರಿದಳು.

ನನ್ನ ತವರೂರು ನಂಜನಗೂಡಿನಲ್ಲಿ ಕುಳಿತು ಓದುವ ನಿಮಗೆ ನಗು ಬರಬಹುದು. ನನಗೆ ಅಂದು ಬಂದದ್ದು ಅಳು.

ಯಜಮಾನರಿಗೆ ಇಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರ ಕೆಲಸ. ಮೈಸೂರು ಮಹಾರಾಜರ ಸೀಮೆ ಬಿಟ್ಟು ಮದರಾಸಿನವರ ಸೀಮೆಗೆ ಬಂದಾಗ ನನಗೆ ಇಪ್ಪತ್ತೆರಡು. ಚಿಕ್ಕಂದಿನಿಂದ ಉಬ್ಬಸ. ಅದಕ್ಕೆಂದೇ ಅಪ್ಪ ಆಸನ ಕಲಿಸಿದ್ದರು. ತವರಿನಲ್ಲಿ ಬೆಳಗಾದರೆ ನಡುಮನೆಯಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು, ಅಪ್ಪ ಎಣಿಸಿದಂತೆ ಉಸಿರು ಎಳೆದು ಬಿಡುತ್ತಿದ್ದೆವು. ಇಲ್ಲಿ ಎಣಿಸುವವರಿಲ್ಲ. ಒಂದೊಂದೇ ಆಸನ ಬಿಟ್ಟುಹೋಗಿ ಕೊನೆಗೆ ಉಳಿದದ್ದು ಮಲಗುವುದೊಂದೇ. ಉಬ್ಬಸ ಹೆಚ್ಚಿತು. "ಹವೆ ಒಗ್ಗದಿದ್ದರೆ ನಿನ್ನನ್ನು ತವರಿಗೆ ಕಳಿಸಿಬಿಡ್ತೀನಿ," ಎಂದರು ಯಜಮಾನರು. ಅವರದು ಕಾಳಜಿಯೇ. ಆದರೆ ಗಂಡ ತವರಿಗೆ ಕಳಿಸಿದ ಹೆಣ್ಣನ್ನು ಜನ ಏನೆನ್ನುತ್ತಾರೆಂದು ನಿಮಗೂ ಗೊತ್ತು.

ಕಿಂಡಿಯಲ್ಲಿ ಕೂಗಿದಾಕೆ ಪಕ್ಕದ ಮನೆಯ ತುಳಸಕ್ಕ. ಸಂಡೂರಿನ ಮರಾಠರ ಮನೆಯವರು, ನಲವತ್ತು ದಾಟಿದವರು. ಮರುದಿನ, "ಒಗ್ಗರಣಿ ತಂದೀನ್ರಿ," ಎಂದು ತಟ್ಟೆ ಹಿಡಿದು ಬಂದರು. ಸಾಸಿವೆ ಸಿಡಿಸಿದ ಎಣ್ಣೆಯನ್ನೇ ತಂದರೇನೋ ಎಂದುಕೊಂಡೆ. ಇಲ್ಲಿ ಒಗ್ಗರಣೆ ಎಂದರೆ ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಮೆಣಸಿನಕಾಯಿ ಹಾಕಿ ಕಲಸಿದ ತಿಂಡಿ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲೇ ಇಲ್ಲ.

"ಮಲಗಿ ಮಲಗಿ ಯಾರ ಉಬ್ಬಸ ವಾಸಿ ಆಗೈತ್ರಿ?" ಎಂದರು ತುಳಸಕ್ಕ.

"ಅದು ಯೋಗ ಅಕ್ಕ. ನಮ್ಮ ತಂದೆ ಕಲಿಸಿದ್ದು."

"ಇರ್ಲಿ. ಅಳ್ಕೊಂತ ಮಾಡು ಅಂದಿದ್ರೇನು ನಿಮ್ಮಪ್ಪಾರು?"

ಬಿಸಿಲು ಇಳಿದ ಮೇಲೆ ಅವರು ನನ್ನನ್ನು ಮಾಳಿಗೆಗೆ ಕರೆದೊಯ್ದು ಎರಡೂ ಕೈ ಚಾಚಿದರು. ಮಡಿಯ ನೆನಪಾಗಿ ಹಿಂಜರಿದೆ. "ಸಂಜೀ ಮುಂದ ಎಂಥಾ ಮಡಿ ತಂಗಿ? ಹಿಡಿ," ಎಂದರು. ಇಬ್ಬರು ಹೆಂಗಸರು ಕೈಗಳನ್ನು ಅಡ್ಡಡ್ಡ ಹಿಡಿದು, ಪಾದ ಕೂಡಿಸಿ, ಹಿಂದಕ್ಕೆ ವಾಲಿ ಗಿರಗಿರನೆ ತಿರುಗುವ ಆಟ, ಅದೇ ಫುಗಡಿ. ನಾಲ್ಕು ಸುತ್ತಿಗೆ ನನ್ನ ಎದೆ ಸೀಟಿ ಹಾಕಿತು. ಕುಸಿದು ಕುಳಿತೆ. ತುಳಸಕ್ಕ ಬೆನ್ನು ಸವರುತ್ತ, "ಈಗ ನಿಮ್ಮಪ್ಪಾರ ಯೋಗ ಮಾಡು ನೋಡೋಣ," ಎಂದರು. ನಾನೇ ಎಣಿಸಿಕೊಂಡು ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಸೀಟಿ ನಿಂತಿತು.

ಅಂದಿನಿಂದ ಹೀಗೊಂದು ಕ್ರಮವಾಯಿತು. ಮೊದಲು ಮೈ ಸಡಿಲಿಸುವ ನಾಲ್ಕು ಆಸನ, ಆಮೇಲೆ ಫುಗಡಿ, ಕೊನೆಗೆ ಇಬ್ಬರೂ ಚಾಪೆಯ ಮೇಲೆ ಶವಾಸನ. ನೀರು ಹೊತ್ತು ಹಿಡಿದುಕೊಂಡಿದ್ದ ತುಳಸಕ್ಕನ ಸೊಂಟ ಭುಜಂಗಾಸನದಿಂದ ಸಡಿಲವಾಯಿತು. ನನಗೆ ನಾಲ್ಕು ಸುತ್ತು ಹತ್ತಾಯಿತು, ಇಪ್ಪತ್ತಾಯಿತು. ತವರಿಗೆ ಕಳಿಸುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಮರುವರ್ಷ ಬಂಡಿ ಕಟ್ಟಿಸಿಕೊಂಡು ಹಂಪಿಗೆ ಹೋದೆವು. ಮತಂಗ ಪರ್ವತದ ಬಂಡೆಗಲ್ಲಿನ ಮೆಟ್ಟಿಲುಗಳನ್ನು ನಾನು ಒಮ್ಮೆಯೂ ಕೂರದೆ ಹತ್ತಿದೆ. ತುದಿಯಲ್ಲಿ ನಿಂತು, "ಅಕ್ಕ, ಉಸಿರು ನೋಡಿ!" ಎಂದು ಕೂಗಿದೆ. ತುಳಸಕ್ಕ ನಗಲಿಲ್ಲ. "ನಮ್ಮನ್ಯಾಗಿನವ್ರಿಗೆ ಸಂಡೂರಿನ ಗಣಿಯಾಗ ಮೇಸ್ತ್ರಿ ಕೆಲಸ ಸಿಕ್ಕೈತಿ ತಂಗಿ. ಬರೋ ಸೋಮವಾರ ಹೊಂಟೀವಿ. ನೀ ಗುಡ್ಡ ಹತ್ತಿದ ಮ್ಯಾಲೆ ಹೇಳೂಣು ಅಂತಿದ್ದೆ," ಎಂದರು. ಕೆಳಗೆ ತುಂಗಭದ್ರೆ ಹೊಳೆಯುತ್ತಿತ್ತು. ನಮ್ಮೂರ ಹೊಳೆ ಕಪಿಲೆಯನ್ನು ಬಿಟ್ಟು ಬಂದ ದಿನವೂ ನನಗೆ ಇಷ್ಟು ಒಂಟಿತನ ಅನಿಸಿರಲಿಲ್ಲ.

ಸಂಡೂರು ದೂರವೇನಲ್ಲ. ಆದರೆ ಮನೆಗೆಲಸ ಬಿಟ್ಟು ಹೋಗುವ ಹೆಂಗಸಿಗೆ ದೂರವೇ. ಆಸನವನ್ನು ಒಬ್ಬಳೇ ಹಾಕಬಹುದು, ಫುಗಡಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಪಕ್ಕದ ಮನೆಗೆ ಯಾರೂ ಬರಲಿಲ್ಲ. ಈಗ ಆಸನವಾದ ಮೇಲೆ ಕಬ್ಬಿನ ಗದ್ದೆಗಳ ನಡುವಿನ ಕಾಲುವೆ ದಂಡೆಯಲ್ಲಿ ಬಿರುಸಾಗಿ ನಡೆಯುತ್ತೇನೆ. ಮೈ ಬೆಚ್ಚಗಾಗುತ್ತದೆ, ನಗು ಬರುವುದಿಲ್ಲ.

ಮೊನ್ನೆ ನಂಜನಗೂಡಿಗೆ ಬಂದಿದ್ದಾಗ ತಂಗಿಯ ಕೈ ಹಿಡಿದು ಫುಗಡಿ ತಿರುಗಿದೆ. ಅವಳು ತಲೆಸುತ್ತಿ ಕೈ ಬಿಟ್ಟಳು. "ಭಾಳ ಜೋರಾತೇನು?" ಎಂದು ಹೊಸಪೇಟೆಯ ಮಾತು ನನ್ನ ಬಾಯಿಂದ ಬಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ಮಾತ್ರ ನನ್ನ ಬೆನ್ನಿಗೆ ಕಿವಿಯಿಟ್ಟು, "ಸೀಟಿಯೇ ಇಲ್ಲವಲ್ಲೇ," ಎಂದು ಕಣ್ಣೊರೆಸಿಕೊಂಡಳು.

ಮರಳಿ ಹೊಸಪೇಟೆಯಲ್ಲಿ ರೈಲು ಇಳಿದಾಗ ಜಟಕಾದವನು ಕೇಳಿದ: "ಎಲ್ಲಿಂದ ಬಂದ್ರಿ ಅವ್ವಾರ?"

"ನಮ್ಮೂರಿಂದ."

"ಹೊಂಟಿದ್ದು ಎಲ್ಲಿಗ್ರಿ?"

"ಮನೀಗೆ," ಎಂದೆ, ಅವನದೇ ಮಾತಿನಲ್ಲಿ. ಯಜಮಾನರು ಕೆಲಸದ ಪಾಳಿಯಲ್ಲಿದ್ದರು. ಬೀಗದ ಕೈ ನನ್ನ ಸೆರಗಿನ ತುದಿಯಲ್ಲೇ ಇತ್ತು.