ಹೊಳೆಯುವ ಟೈಲ್ಸ್ ಮೇಲೆ ಎರಡು ಹೆಜ್ಜೆ

ಗೆಳೆಯರೇ, ಸದಾಶಿವ ಪೇಠದ ನಮ್ಮ ಖಾನಾವಳಿಯ ಅಡುಗೆಮನೆಗೆ ಹೊಸ ನೆಲ ಹಾಕಿಸಬೇಕಿದೆ. ಮಾದರಿಗೆಂದು ಒಲೆಯ ಮುಂದೆ ಹೊಳೆಯುವ ಬಿಳಿ ಟೈಲ್ಸ್ ನಾಲ್ಕು ಕೂರಿಸಿ, ಇವತ್ತು ಅಡುಗೆಯ ಗಂಗವ್ವನಿಗೆ ತೋರಿಸಿದೆ. "ವೆರಿ ವೆರಿ ಹೈಜೀನಿಕ್!" ಎಂದೆ.

ಆಕೆ ಅದರ ಮೇಲೆ ಒಂದು ತಂಬಿಗೆ ಅನ್ನದ ಗಂಜಿ ಸುರಿದಳು. "ನಡೀರಿ ಸಾಹುಕಾರ್ರ. ನಾ ಇದರ ಮ್ಯಾಲ ದಿನಾ ಕುದಿಯೋ ಸಾರಿನ ಪಾತೇಲಿ ಹೊತ್ತು ಅಡ್ಡಾಡಬೇಕು. ನೀವು ಬರಿಗೈಲೇ ನಡೀರಿ, ಸಾಕು."

ಎರಡನೇ ಹೆಜ್ಜೆಗೆ ನಾನು ನೆಲದ ಮೇಲೆ ಕುಳಿತಿದ್ದೆ.

"ಭಾಳ ಸ್ವಚ್ಛ ಅದ ಬಿಡ್ರಿ" ಎಂದಳು.

ಎದ್ದವನೇ ಒರಟು ಶಹಾಬಾದ್ ಕಲ್ಲಿಗೆ ಹೇಳಿಕಳಿಸಿದೆ. ನನ್ನವಳು ಬದುಕಿದ್ದರೆ ಗಂಜಿ ಸುರಿಯುವ ಮೊದಲೇ ಆ ಕಲ್ಲನ್ನು ಆರಿಸುತ್ತಿದ್ದಳು. ಕಾಲೇಜಿನಲ್ಲಿ ಫ್ರಿಕ್ಷನ್ ಬಗ್ಗೆ ಇಂಗ್ಲಿಷಿನಲ್ಲೇ ಎರಡು ಪುಟ ಬರೆದು ಪಾಸಾಗಿದ್ದೆ. ಅದರ ಅರ್ಥ ಇವತ್ತು ಸೊಂಟಕ್ಕೆ ತಿಳಿಯಿತು.