ಚಂದ್ರವ್ವನ ಎಲೆ

ನಿನ್ನೆ ಶೇಡಬಾಳದಲ್ಲಿ ನನ್ನ ತಂಗಿಯ ಮೊಮ್ಮಗಳ ನಿಶ್ಚಿತಾರ್ಥವಿತ್ತು. ಊಟ ಮುಗಿಸಿ ಪಡಸಾಲೆಗೆ ಬಂದರೆ ಕೂರಲು ಉಳಿದದ್ದು ಒಂದೇ ಜಾಗ, ಮೂಲೆಯಲ್ಲಿದ್ದ ಮುದುಕಿಯ ಪಕ್ಕ. ಅವಳ ಸಂಚಿಯಿಂದ ಹಸಿ ಎಲೆ, ಸುಣ್ಣಗಳ ವಾಸನೆ ಬರುತ್ತಿತ್ತು. ಒಂದು ಎಲೆ ಮಡಚಿ ನನ್ನ ಕಡೆ ಚಾಚಿದಳು. ತೆಗೆದುಕೊಂಡೆ. ಆಮೇಲೆ ನಡೆದದ್ದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೇಬೇಕು: ನನ್ನ ಬೆರಳುಗಳು, ನನ್ನನ್ನು ಕೇಳದೆಯೇ, ಆ ಮಡಿಕೆಯನ್ನು ಬಿಚ್ಚಿ ನೋಡಿದವು. ಅಡಿಕೆ, ಸುಣ್ಣ, ಒಂದು ಲವಂಗ. ಅಷ್ಟೇ.

"ನೋಡ್ರಿ, ನೋಡೇ ತಿನ್ರಿ," ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ. ರೂಢಿಯಾಗಿ ಹೋದವರ ದನಿ ಅದು.

ಅವಳು ಚಂದ್ರವ್ವ. ನಾಟಕದ ಹಾಡುಗಾರ್ತಿ ಗೋದಾಬಾಯಿಯ ಕಂಠ ಕೆಡಿಸಿದವಳೆಂದು ಈ ಸೀಮೆಯೆಲ್ಲ ನಂಬಿದ ಹೆಂಗಸು.

ನಾನು ಸುಲಭವಾಗಿ ನಂಬುವವನಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕೆ ಸೇರಿದೆ. ಪುಡಿಕೆ ಕಟ್ಟಲು ಬಂದ ಹಳೆಯ ಪತ್ರಿಕೆಗಳೇ ನನ್ನ ಪಾಠಶಾಲೆ. ಹಾಗೆ ಕಲಿತವನಿಗೆ ಒಂದು ರೋಗವಿರುತ್ತದೆ. ಯಾರು ಏನು ಹೇಳಿದರೂ "ನೀ ಕಣ್ಣಾರೆ ಕಂಡೀಯೇನು?" ಎಂದು ಕೇಳುವುದು. ಈ ಪ್ರಶ್ನೆಯ ದೆಸೆಯಿಂದಲೇ ನನ್ನ ಹೆಂಡತಿ ನನ್ನೊಡನೆ ಮಾತು ಕಡಿಮೆ ಮಾಡಿದಳೆಂದು ಬಲ್ಲವರು ಹೇಳುತ್ತಾರೆ. ಅದನ್ನೂ ನಾನು ಪೂರ್ತಿ ನಂಬಿಲ್ಲ.

ಗೋದಾಬಾಯಿ ಪಾಲಬಾವಿಯ ಕೂಲಿಕಾರರ ಮಗಳು. ಕಳೆ ತೆಗೆಯುತ್ತ ಹಾಡುತ್ತಿದ್ದವಳನ್ನು ಅಥಣಿಯಲ್ಲಿ ಬಿಡಾರ ಹೂಡಿದ್ದ ಸಂಗೀತ ನಾಟಕದ ಕಂಪನಿಯೊಂದು ಕರೆದೊಯ್ದಿತು. ಮೊದಲು ಸಖಿಯ ಪಾತ್ರ; ಎರಡೇ ವರ್ಷಕ್ಕೆ ನಾಯಕಿ. ಕನ್ನಡದ ಪದದಷ್ಟೇ ಸಲೀಸಾಗಿ ಮರಾಠಿ ಪದವನ್ನೂ ಎತ್ತುತ್ತಿದ್ದಳು. ರಾಯಬಾಗವಿರಲಿ, ಕಾಗವಾಡವಿರಲಿ, ಅವಳ ಆಟವಿದ್ದಲ್ಲಿಗೆ ನಾನು ಸೈಕಲ್ ತುಳಿದು ಹೋಗುತ್ತಿದ್ದೆ. ಅವಳ ಜೊತೆಗೆ ಸೇರಿದ ಚಂದ್ರವ್ವ ಮಾತ್ರ ಸಖಿಯಾಗಿಯೇ ಉಳಿದಳು. ಜನರ ಕಥೆಗೆ ಅಷ್ಟು ಸಾಕಾಯಿತು: ಹೊಟ್ಟೆಕಿಚ್ಚಿನಿಂದ ಎಲೆಯಲ್ಲಿ ದನಿ ಕೆಡಿಸುವ ಸಿಂಧೂರ ಹಾಕಿ ತಿನ್ನಿಸಿದಳು, ಕಂಠ ಹೋಯಿತು.

ನಡೆದದ್ದು ಚಿಕ್ಕೋಡಿಯಲ್ಲಿ, ಸಂತೆಯ ದಿನದ ಹಗಲಾಟದಲ್ಲಿ. ಗೋದಾಬಾಯಿಗೆ ಜ್ವರವಿತ್ತು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರು ಅವಳಿಗೆ ಹಗುರಾಗಲೆಂದು ಎರಡು ಮನೆ ಕೆಳಗಿನ ಸ್ವರ ಹಿಡಿದರು. ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಪೇಟಿಯ ಕರಿ, ಬಿಳಿ ಮನೆಗಳ ವಿಷಯವನ್ನು ಯಾವುದೋ ಪುಡಿಕೆಯ ಹಾಳೆಯಲ್ಲಿ ಓದಿಕೊಂಡಿದ್ದೆನಲ್ಲ! ಮುಂದಿನ ಸಾಲಿನ ತುದಿಯಲ್ಲಿ ಎದ್ದು ನಿಂತೆ.

"ಏ ಮಾಸ್ತರ, ಸ್ವರ ಯಾಕ ಇಳಿಸೀರಿ? ನಾವೇನು ಕಿವುಡರೇನು? ಏರಸ್ರಿ!"

ನನ್ನ ಹಿಂದೆ ಇಡೀ ಮಂಡಪ "ಏರಸ್ರಿ, ಏರಸ್ರಿ" ಎಂದಿತು. ಮಾಸ್ತರರು ಅವಳ ಮುಖ ನೋಡಿದರು. ಅವಳು ಆಗಲೆಂದು ತಲೆಯಾಡಿಸಿದಳು. ಏರಿಸಿ ಹಾಡಿದಳು. ಕೂಡಲೇ "ಒನ್ಸ್ ಮೋರ್" ಎದ್ದಿತು. ಜನ ಕೂಗಿದರೆ ಮತ್ತೆ ಹಾಡಬೇಕು. ಒಲ್ಲೆನೆಂದರೆ ಕುಳಿತವರಿಗೆ ಅವಮಾನ. ಕಂಪನಿಗಳ ಪದ್ಧತಿ ಹಾಗಿತ್ತು. ಎರಡನೆಯ ಸಲ ಹಾಡಿದಳು. ಮತ್ತೊಮ್ಮೆ ಕೂಗಿದವನು ನಾನು. ಮೂರನೆಯ ಸಲ, ಮೇಲಿನ ಷಡ್ಜ ಮುಟ್ಟುವಾಗ, ಹಳೆಯ ಧೋತರ ಹರಿದಂತೆ ಒಂದು ಸಪ್ಪಳ ಬಂತು. ಆಮೇಲೆ ಬಂದದ್ದು ಬರೀ ಉಸಿರು.

ನನ್ನ ಜಾಗದಿಂದ ಪಕ್ಕದ ಪರದೆಯ ಸಂದು ಕಾಣುತ್ತಿತ್ತು. ಒಳಗೆ ಹೋದ ಗೋದಾಬಾಯಿಯನ್ನು ಚಂದ್ರವ್ವ ಅಪ್ಪಿ ಹಿಡಿದಳು, ಸೆರಗಿನಿಂದ ಮುಖ ಒರೆಸಿದಳು. ಅದಾದ ಮೇಲೆಯೇ ಸಂಚಿ ಬಿಚ್ಚಿ ಒಂದು ಎಲೆ ಮಡಚಿ ಕೊಟ್ಟಳು.

ಮರುದಿನ ಚಹಾದಂಗಡಿಯಲ್ಲಿ ಸಿಂಧೂರದ ಮಾತು ಹುಟ್ಟಿತ್ತು. "ಎಲಿ ಕೊಟ್ಟಿದ್ದು ಯಾರರೆ ಕಣ್ಣಾರೆ ಕಂಡೀರೇನು?" ಎಂದು ಒಬ್ಬ ಕೇಳಿದ. ನನ್ನದೇ ಪ್ರಶ್ನೆ! "ನಾ ಕಂಡೀನಿ," ಎಂದೆ. ಕಂಠ ಹೋಗುವ ಮೊದಲೋ ಆಮೇಲೋ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಹೇಳಿದ್ದರೆ ಸ್ವರ ಏರಿಸಿದವರು ಯಾರೆಂಬ ಮಾತು ಬರುತ್ತಿತ್ತು. ವಾರದೊಳಗೆ ಕಂಪನಿಯವರು ಚಂದ್ರವ್ವನನ್ನು ಹೊರಗೆ ಹಾಕಿದರು. ಶೇಡಬಾಳಕ್ಕೆ ಬಂದು ನೆಲೆಸಿದವಳನ್ನು ಜನ ಕಾರ್ಯಕ್ಕೆ ಕರೆದರು, ಊಟಕ್ಕೆ ಕೂರಿಸಿದರು. ಅವಳ ಕೈಯ ಎಲೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಗೋದಾಬಾಯಿ ಜುಗೂಳದಲ್ಲಿ ಅಕ್ಕನ ಮನೆ ಸೇರಿ, ಹೊಳೆದಂಡೆಯ ಕಬ್ಬಿನ ಹೊಲಗಳಲ್ಲಿ ಮತ್ತೆ ಕಳೆ ತೆಗೆಯತೊಡಗಿದಳು. ಎಷ್ಟೋ ವರ್ಷಗಳ ಮೇಲೆ ಹುಡುಕಿಕೊಂಡು ಹೋದೆ.

"ಬಾಯಾರ, ಆ ಎಲ್ಯಾಗ ಏನರೆ ಇತ್ತೇನ್ರಿ?"

"ಸುಣ್ಣ ಇತ್ರಿ," ಎಂದು ಪಿಸುಗುಟ್ಟಿದಳು. "ಕೇಳಿದವ್ರಿಗೆಲ್ಲಾ ಹೇಳೀನಿ. ಈ ಗಾಳಿದನಿ ಯಾರಿಗೆ ಕೇಳಸ್ತೈತಿ?" ಕಣ್ಣು ಮುಚ್ಚಿ ಮತ್ತೆ ಅಂದಳು, "ನಿಮ್ಮ ಮಾರಿ ನೆನಪಿಲ್ರಿ. ದನಿ ಗುರ್ತು ಐತಿ. 'ಏರಸ್ರಿ' ಅಂದವ್ರು ನೀವಽ ಅಲ್ಲೇನ್ರಿ?"

ಇಟ್ಟ ಚಹಾ ಕುಡಿಯದೆ ಸೈಕಲ್ ಹತ್ತಿದೆ. ಮರುವರ್ಷ ಅವಳು ತೀರಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಬಿಚ್ಚಿದ ಎಲೆ ಅಂಗೈಯಲ್ಲಿದ್ದಾಗ ತಂಗಿಯ ಮಗ ಬಾಗಿ ಕಿವಿಯಲ್ಲಿ ಹೇಳಿದ: "ಮಾಮಾ, ಅದನ್ನ ಒಗೀರಿ. ಆಕಿ ಕೈದು ಯಾರೂ ತಿನ್ನಂಗಿಲ್ಲ."

ಎದ್ದು ನಿಂತೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಕೂಗಿದವರು ಯಾರು, ಎಲ್ಲವನ್ನೂ ಪಡಸಾಲೆಗೆ ಕೇಳುವಂತೆ ಹೇಳಿದೆ. ಜ್ವರದಿಂದ ಹೋಯಿತೋ, ಏರಿಸಿದ್ದರಿಂದ ಹೋಯಿತೋ, ನಾನು ವೈದ್ಯನಲ್ಲ. ಎಲೆಯಿಂದಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ ನಾನೇ ಎಂದೆ.

ತಂಗಿಯ ಮಗ ನಗಲು ನೋಡಿದ. "ಸಿಂಧೂರ ತಗದ್ರ ಆ ಕತಿಯೊಳಗ ಏನು ಉಳೀತೈತ್ರಿ ಮಾಮಾ?"

"ನಾ ಉಳೀತೀನಿ," ಎಂದೆ.

ಚಂದ್ರವ್ವ ತಲೆಯೆತ್ತಿದಳು. "ಇಷ್ಟು ವರ್ಷ ಎಲ್ಲಿದ್ರಿ?" ಎಂದು ಕೇಳಿದಳು.

ಎಲೆ ಮಡಚಿ ಬಾಯಿಗಿಟ್ಟುಕೊಂಡು ಕುಳಿತೆ. ಅವಳು ಇನ್ನೊಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಪಡಸಾಲೆಯ ಕಡೆ ಕೈ ಚಾಚಿದಳು. ಯಾರ ಕೈಯೂ ಮುಂದೆ ಬರಲಿಲ್ಲ. ಅದನ್ನೂ ನಾನೇ ತೆಗೆದುಕೊಂಡೆ. ಈ ಸಲ ಬಿಚ್ಚಿ ನೋಡಲಿಲ್ಲ.